ವಾಂತಿಗೆ ಗಾಂಜಾ ಮದ್ದೋ, ಮೂಲವೋ?

ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ಗುಡ್ಡಗಳ ಸೀಮೆಯ ವೈದ್ಯರು 2004ರಲ್ಲಿ ‘ಗಟ್’ ಪತ್ರಿಕೆಯಲ್ಲಿ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿದರು. ವರ್ಷಗಟ್ಟಲೆ ಗಾಂಜಾ ಸೇದಿದವರಿಗೆ ಆಗಾಗ ವಾಂತಿಯ ದಾಳಿ. ಬಚ್ಚಲು ಹೊಕ್ಕರೆ ಈಚೆ ಬರುವುದೇ ಇಲ್ಲ. ಬಿಸಿನೀರು ಮೈಮೇಲೆ ಬೀಳುವಷ್ಟು ಹೊತ್ತು ಮಾತ್ರ ನೆಮ್ಮದಿ. ಗಾಂಜಾ ಬಿಟ್ಟವರಲ್ಲಿ ಕಾಯಿಲೆ ನಿಂತಿತು, ಮತ್ತೆ ಹಿಡಿದವರಲ್ಲಿ ಮರಳಿತು.

ತೊಡಕು ಇರುವುದು ರೋಗಿಯ ಮಾತಿನಲ್ಲಿ. ‘ಸೇದಿದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ’ ಎನ್ನುವ ಹದಿನೇಳರ ಹುಡುಗ ಸುಳ್ಳು ಹೇಳುತ್ತಿಲ್ಲ. ಗಾಂಜಾದ ಮತ್ತಿನಂಶವಾದ ಟಿಎಚ್‌ಸಿಯನ್ನೇ ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್‌ಗೆ ಅಮೆರಿಕ 1985ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಾಂತಿ ತಡೆಯಲೆಂದು ಒಪ್ಪಿಗೆ ಕೊಟ್ಟಿದೆ. ಅನುಭವವೂ ಅವನ ಕಡೆ, ಔಷಧಶಾಸ್ತ್ರವೂ ಅವನ ಕಡೆ. ಸ್ವಂತ ಮೈಯ ವಿಷಯದಲ್ಲಿ ಸ್ವಂತ ಅನುಭವಕ್ಕಿಂತ ದೊಡ್ಡ ಪ್ರಮಾಣ ಯಾವುದು?

ಭಾರತೀಯ ತರ್ಕಶಾಸ್ತ್ರದ ಪಂಡಿತರಾದ ನೈಯಾಯಿಕರು ಅನುಭವವನ್ನು ತಳ್ಳಿಹಾಕುವವರಲ್ಲ. ಪ್ರತ್ಯಕ್ಷವೇ ಅವರ ಮೊದಲ ಪ್ರಮಾಣ. ಆದರೆ ಕಾರಣವನ್ನು ಸ್ಥಾಪಿಸಲು ಅನ್ವಯ-ವ್ಯತಿರೇಕ ಎರಡೂ ಬೇಕು: ಇದಿದ್ದಾಗ ಅದಿರಬೇಕು, ಇದಿಲ್ಲದಾಗ ಅದಿರಬಾರದು. ದಿನವೂ ಸೇದುವವನ ಬದುಕಿನಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ನಾಲ್ಕು ದಿನ ಬಿಟ್ಟು ನೋಡಿದೆ ಎಂದರೂ ಸಾಲದು; ಕೊಬ್ಬಿನಲ್ಲಿ ಅಡಗಿದ ಟಿಎಚ್‌ಸಿ ವಾರಗಟ್ಟಲೆ ನಿಧಾನವಾಗಿ ಹೊರಬೀಳುತ್ತದೆ. ಕನಿಷ್ಠ ಆರು ತಿಂಗಳು, ಇಲ್ಲವೇ ಮೂರು ದಾಳಿಗಳ ಸುತ್ತು ಕಳೆಯುವಷ್ಟು ಕಾಲ ಬಿಟ್ಟು ನೋಡಬೇಕೆಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2024ರಲ್ಲಿ ಹೇಳಿದೆ.

ಹಾಗೆಂದು ವೈದ್ಯರ ತರ್ಕವೇನೂ ದೋಷಾತೀತವಲ್ಲ. ಬಿಸಿನೀರಿನ ಸ್ನಾನವನ್ನು ಕೇಳಿದ ಕೂಡಲೇ ಗಾಂಜಾದ ಕಾಯಿಲೆ ಎಂದು ತೀರ್ಮಾನಿಸಿದರೆ ಅದು ಸವ್ಯಭಿಚಾರ ಹೇತು, ಅಂದರೆ ಅಡ್ಡಾಡುವ ಸಾಕ್ಷ್ಯ: ಬಿಟ್ಟುಬಿಟ್ಟು ವಾಂತಿಯ ದಾಳಿ ಬರುವ ‘ಚಕ್ರೀಯ ವಾಂತಿ’ ಎಂಬ ಇನ್ನೊಂದು ಕಾಯಿಲೆಯಿದೆ; ಗಾಂಜಾ ಮುಟ್ಟದ ಅದರ ರೋಗಿಗಳಲ್ಲೂ ಅನೇಕರು ಬಿಸಿನೀರನ್ನೇ ಹುಡುಕುತ್ತಾರೆ. ಅಪೆಂಡಿಕ್ಸ್, ಮೇದೋಜೀರಕದ ಉರಿಯೂತ, ಹುಡುಗಿಯರಲ್ಲಿ ಗರ್ಭ, ಇವನ್ನೆಲ್ಲ ಮೊದಲು ನೋಡಬೇಕು. ಅಪ್ಪ-ಅಮ್ಮನನ್ನು ಹೊರಗೆ ಕೂರಿಸಿ ಕೇಳದಿದ್ದರೆ ಹದಿಹರೆಯದವರು ಬಾಯಿ ಬಿಡುವುದು ಕಷ್ಟ. ಗಾಂಜಾದ ಸುಳಿವೇ ಸಿಗದೆ ಎಂಡೋಸ್ಕೋಪಿ, ಸ್ಕ್ಯಾನ್ ಎಂದು ತಿಂಗಳುಗಳು ಕಳೆಯುತ್ತವೆ.

ಶಿವರಾತ್ರಿಗೊಮ್ಮೆ ಭಂಗಿ ಕುಡಿಯುವವರಿಗೇಕೆ ಹೀಗಾಗುವುದಿಲ್ಲ ಎಂಬ ಪ್ರಶ್ನೆ ಸಹಜ. ಇದು ವಾರದಲ್ಲಿ ಹಲವು ಬಾರಿಯಂತೆ, ಬಹುಕಾಲ ಸೇವಿಸುವವರ ಕಾಯಿಲೆ. ಮಾಲೂ ಬದಲಾಗಿದೆ: ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇತ್ತು, 2021ರಲ್ಲಿ ಶೇ 15ರ ಆಸುಪಾಸಿಗೆ ಬಂತು.

ದಾಳಿಯ ಹೊತ್ತಿನಲ್ಲಿ ತತ್ತ್ವಕ್ಕೆ ಬಿಡುವಿಲ್ಲ. ನೀರು-ಲವಣ ಬತ್ತಿ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಮೊದಲು ಡ್ರಿಪ್, ಪೊಟ್ಯಾಸಿಯಂ ಪರೀಕ್ಷೆ. ವಾಂತಿಗೆ ಕೊಡುವ ಮಾಮೂಲಿ ಮದ್ದು ಒಂಡಾನ್ಸೆಟ್ರಾನ್ ಹಲವು ಸಲ ನಾಟುವುದಿಲ್ಲ. ಆಸ್ಪತ್ರೆಯ ನಿಗಾದಲ್ಲಿ ಹ್ಯಾಲೊಪೆರಿಡಾಲ್ ಎಂಬ ಮದ್ದನ್ನು ಕೊಡುವುದುಂಟು. ಮೆಣಸಿನಕಾಯಿಯ ಖಾರದ ಸತ್ವ ಕ್ಯಾಪ್ಸೈಸಿನ್ ಇರುವ ಮುಲಾಮನ್ನು ಹೊಟ್ಟೆಗೆ ಹಚ್ಚುತ್ತಾರೆ. ಬಿಸಿ ಮತ್ತು ಖಾರ ಎರಡನ್ನೂ ಗುರುತಿಸುವುದು ನರಗಳ ಒಂದೇ ಗ್ರಾಹಕ. ಅಫೀಮು ಜಾತಿಯ ನೋವುನಿವಾರಕಗಳನ್ನು ದೂರವಿಡುತ್ತಾರೆ.

ಕಾಯಿಲೆಯನ್ನು ಕೊನೆಗಾಣಿಸುವುದು ಗಾಂಜಾ ಬಿಡುವುದೊಂದೇ. ಬಿಟ್ಟ ಮೊದಲ ವಾರ ನಿದ್ದೆಗೇಡು, ಸಿಡುಕು, ಒಮ್ಮೊಮ್ಮೆ ವಾಕರಿಕೆಯೂ ಬರಬಹುದು. ಅದನ್ನು ಮುಂಚೆಯೇ ಹೇಳಿಡದಿದ್ದರೆ ಹುಡುಗ ಅದನ್ನೇ ತನ್ನ ವಾದಕ್ಕೆ ಪುರಾವೆ ಮಾಡಿಕೊಳ್ಳುತ್ತಾನೆ.