ಮೋಶೆಯ ನಾಲಗೆ, ಆರೋನನ ನಾಲಗೆ



ಓದಿನಲ್ಲಿ ಮುಂದಿರುವ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಲಿಖಿತ ಪರೀಕ್ಷೆ ಪಾಸಾಗಿದೆ. ಸಂದರ್ಶನದಲ್ಲಿ ಹೆಸರು ಕೇಳಿದರೆ ಆ ಹೆಸರೇ ಗಂಟಲಲ್ಲಿ ನಿಲ್ಲುತ್ತದೆ. ಉಗ್ಗು ಇರುವ ಅನೇಕರಿಗೆ ಸ್ವಂತ ಹೆಸರೇ ಕಷ್ಟ. ಅದಕ್ಕೆ ಬದಲಿ ಶಬ್ದವಿಲ್ಲವಲ್ಲ! ಎದುರು ಕುಳಿತವರು ಅದನ್ನು ಅಂಜಿಕೆ ಎಂದು ತಿಳಿಯುತ್ತಾರೆ. ಇಂಥದ್ದು ಎರಡು ಮೂರು ಕಡೆ ಆದ ಮೇಲೆ ಅವನು ತನಗೆ ಇಷ್ಟವಾದ ಕೆಲಸವನ್ನು ಬಿಟ್ಟು ಮಾತು ಕಡಿಮೆ ಇರುವ ಕೆಲಸವನ್ನು ಹುಡುಕತೊಡಗುತ್ತಾನೆ. ಇಲ್ಲಿ ತಪ್ಪು ಯಾರದು?

ವಿಮೋಚನಾಕಾಂಡದ 4ನೇ ಅಧ್ಯಾಯದಲ್ಲಿ ಮೋಶೆ, ತನ್ನ ನಾಲಗೆ ಮಂದವೆಂದು ಹೇಳಿ ಜಾರಿಕೊಳ್ಳಲು ನೋಡುತ್ತಾನೆ. ದೇವರು ಅವನ ನಾಲಗೆಯನ್ನು ಗುಣಪಡಿಸಲಿಲ್ಲ; ವಹಿಸಿದ ಕೆಲಸವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಮಾತುಗಾರನಾದ ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಪ್ರಬೋಧನೆಗಳಲ್ಲಿ ನಾವು ಇಲ್ಲಿಗೇ ನಿಲ್ಲಿಸುವುದುಂಟು. 32ನೇ ಅಧ್ಯಾಯದವರೆಗೂ ಓದಿ. ಜನರು ಒತ್ತಾಯಿಸಿದಾಗ ಚಿನ್ನದ ಕರು ಮಾಡಿಕೊಟ್ಟವನು ಇದೇ ಆರೋನ. ಮೋಶೆ ಪ್ರಶ್ನಿಸಿದರೆ, ಚಿನ್ನವನ್ನು ಬೆಂಕಿಗೆ ಹಾಕಿದೆ, ಕರು ತಾನಾಗಿ ಹೊರಬಂತು ಎಂಬಂಥ ಉತ್ತರ. ಎಷ್ಟು ಸಲೀಸಾದ ಮಾತು! ಸಂದರ್ಶನದಲ್ಲಿ ಇಂಥವನಿಗೆ ಒಳ್ಳೆಯ ಅಂಕ ಸಿಕ್ಕೀತು.

ಇನ್ನೊಂದು ವಿಷಯ. ಆರೋನ ಆಡಬೇಕಿದ್ದುದು ಮೋಶೆ ಹೇಳಿಕೊಟ್ಟ ಮಾತು. ಉಗ್ಗುವವರ ವಾಕ್ಯವನ್ನು ನಾವು ಅವಸರದಲ್ಲಿ ಮುಗಿಸಿಕೊಡುವಾಗ ನಮ್ಮ ಮಾತನ್ನೇ ಅವರ ಬಾಯಲ್ಲಿ ಇಡುತ್ತೇವೆ.

ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ವಂಶವಾಹಿಗಳಿಗೂ ಮಿದುಳು ಮಾತನ್ನು ನಡೆಸುವ ರೀತಿಗೂ ಸಂಬಂಧಪಟ್ಟದ್ದು. ಬಜೆ ತೇಯ್ದು ನೆಕ್ಕಿಸಿ ಕಾಯುತ್ತಾ ಕೂರಬೇಡಿ. ನಮ್ಮ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಗಳಲ್ಲಿ ವಾಕ್ ಮತ್ತು ಶ್ರವಣ ಕಾಲೇಜೇ ಇದೆ. ಮಗುವನ್ನು ಬೇಗ ತೋರಿಸಿ. ದೊಡ್ಡವರಲ್ಲಿ ಉಗ್ಗು ಪೂರ್ತಿ ಹೋಗದೆಯೂ ಇರಬಹುದು. ಬಾಲ್ಯದಲ್ಲಿ ಉಗ್ಗುತ್ತಿದ್ದ ಜೋ ಬೈಡನ್ 2021ರಲ್ಲಿ ಅಮೆರಿಕದ ಅಧ್ಯಕ್ಷರಾದರು, ನಿಜ. ಆದರೆ ಅವರನ್ನು ತೋರಿಸಿ 'ನೀನೂ ಗೆದ್ದು ಬಾ' ಎನ್ನುವುದು ನಮಗೆ ಖರ್ಚಿಲ್ಲದ ಉಪದೇಶ. ಉಗ್ಗನ್ನು ಗೆಲ್ಲದವನಿಗೂ ಯೋಗ್ಯತೆಗೆ ತಕ್ಕ ಕೆಲಸ ಸಿಗಬೇಡವೇ?

ಹಾಗಾದರೆ ಮುಚ್ಚಿಡಬೇಕೇ? ಕಷ್ಟದ ಶಬ್ದ ಬಿಟ್ಟು ಸುಲಭದ್ದನ್ನು ಬಳಸುವುದು ಸುಳ್ಳಾಗುವುದಿಲ್ಲ. ಆದರೆ ಹಾಗೆ ತಪ್ಪಿಸುತ್ತಾ ಹೋದರೆ ಹೇಳಬೇಕಾದದ್ದೇ ಉಳಿದುಹೋಗುತ್ತದೆ. 'ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ' ಎಂದು ಮೊದಲೇ ಹೇಳುವುದು ಉತ್ತಮ. ಆ ಸಮಯ ಕೊಡುವುದನ್ನು ಕೆಲಸ ಕೊಡುವವರು ದಾನವೆಂದು ಎಣಿಸಬಾರದು. ನ್ಯಾಯವಾಗಿ ಅದು ಅವನಿಗೆ ಸಲ್ಲಬೇಕಾದದ್ದು.

ಎಲ್ಲರೊಂದಿಗೆ ವಿಶ್ವಾಸ ಪ್ರಮಾಣ ಹೇಳುವಾಗ, ಹಾಡುವಾಗ ಉಗ್ಗು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ನಿಂತ ನಮಗೆ ತಿಳಿಯುವುದೂ ಇಲ್ಲ. ಭಾನುವಾರ ವಾಚನಕ್ಕೆ ಬಂದವನು ಒಂದು ಶಬ್ದದಲ್ಲಿ ನಿಂತರೆ ತಲೆ ತಗ್ಗಿಸಬೇಡಿ, ಅವನನ್ನು ನೋಡುತ್ತಾ ಕಾಯಿರಿ. ಸೋಮವಾರ ಅವನಿಗೆ ಎಲ್ಲೋ ಸಂದರ್ಶನವಿರಬಹುದು.