ನೆಲಮಟ್ಟದ ನೋಟ, ಚಿತ್ರದ ಸತ್ಯ

ಅಳಿವೆಯ ಕೆಸರಿನಲ್ಲೂ ಕಡಲಂಚಿನ ಮರಳಿನಲ್ಲೂ ಮೇಯುವ ಪ್ಲೋವರ್, ಸ್ಯಾಂಡ್‌ಪೈಪರ್‌ಗಳಂಥ ಹಕ್ಕಿಗಳನ್ನು ಛಾಯಾಗ್ರಾಹಕರು ಹೆಚ್ಚಾಗಿ ಬೋರಲು ಮಲಗಿ ತೆಗೆಯುತ್ತಾರೆ. ಲೆನ್ಸು ಹಕ್ಕಿಯ ಕಣ್ಣಿನ ಎತ್ತರಕ್ಕೆ ಇಳಿದಿರುತ್ತದೆ. ಹೀಗೆ ತೆಗೆದ ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಇಂಥ ಚಿತ್ರ ಎಷ್ಟರ ಮಟ್ಟಿಗೆ ನಿಜ ಎಂಬ ಪ್ರಶ್ನೆ ಎದ್ದಾಗಲೆಲ್ಲ ಎಲ್ಲರೂ ಬೆರಳು ತೋರಿಸುವುದು ಕಂಪ್ಯೂಟರಿನ ಕಡೆಗೆ. ದೊಡ್ಡ ತಿದ್ದುಪಡಿ ಮಾತ್ರ ಅದಕ್ಕೂ ಮೊದಲೇ, ಛಾಯಾಗ್ರಾಹಕ ಮಲಗಿದಾಗಲೇ ಆಗಿಹೋಗಿರುತ್ತದೆ.

ಲೆಕ್ಕ ಸರಳ. ಸಣ್ಣ ಪ್ಲೋವರ್ ಒಂದರ ಕಣ್ಣು ನೆಲದಿಂದ 12 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ, 10 ಮೀಟರ್ ದೂರದಲ್ಲಿ ನಿಂತವರ ಲೆನ್ಸು 1.6 ಮೀಟರ್ ಎತ್ತರದಲ್ಲಿದ್ದಾಗ ಹಕ್ಕಿಯ ಕಣ್ಣನ್ನು ದಾಟಿದ ದೃಷ್ಟಿರೇಖೆ ಇನ್ನು ಸುಮಾರು 80 ಸೆಂ.ಮೀ. ಹೋಗುವಷ್ಟರಲ್ಲಿ ನೆಲಕ್ಕೆ ಬಡಿಯುತ್ತದೆ. ಹಿನ್ನೆಲೆಯೆಂದರೆ ಹಕ್ಕಿಯ ಹಿಂದಿನ ಆ ಕೆಸರೇ. ಲೆನ್ಸನ್ನು 20 ಸೆಂ.ಮೀ.ಗೆ ಇಳಿಸಿದರೆ ಅದೇ ರೇಖೆ ಹಕ್ಕಿಯಿಂದ 15 ಮೀಟರ್ ಆಚೆ ನೆಲ ಮುಟ್ಟುತ್ತದೆ. 12 ಸೆಂ.ಮೀ.ಗೆ ತಂದರೆ ಮುಟ್ಟುವುದೇ ಇಲ್ಲ, ನೇರ ದಿಗಂತಕ್ಕೆ ಹೋಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ 600 ಮಿ.ಮೀ. ಲೆನ್ಸನ್ನು ಎಫ್ 5.6ರಲ್ಲಿ ಇಟ್ಟಾಗ, 10 ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 9 ಸೆಂ.ಮೀ. ಮಾತ್ರ. ಅದರ ಹಿಂದಿನದೆಲ್ಲ ಕರಗಿ ಬಣ್ಣವಾಗುತ್ತದೆ. ನೆಲಮಟ್ಟದ ಚಿತ್ರಗಳ ನಯವಾದ ಹಿನ್ನೆಲೆಗೆ ದುಬಾರಿ ಲೆನ್ಸು ಅರ್ಧ ಕಾರಣವಾದರೆ ಮೊಣಕೈಗೆ ಮೆತ್ತಿದ ಕೆಸರು ಇನ್ನರ್ಧ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ಅಲ್ಲಿ ತೆರೆದುಕೊಳ್ಳುವ ಕೆಸರುಬಯಲಿನಲ್ಲಿ ಚಳಿಗಾಲದ ವಲಸೆ ಹಕ್ಕಿಗಳೂ ಮೇಯುತ್ತವೆ, ಚಿಪ್ಪಿಕಲ್ಲು ಆಯುವ ಜನರೂ ದುಡಿಯುತ್ತಾರೆ. ಮಲಗಿ ತೆಗೆದ ಚಿತ್ರದಲ್ಲಿ ಆ ಜನ ಒಂದು ಕೆಂಪು ಅಥವಾ ನೀಲಿ ಮಸುಕಾಗಿ ಉಳಿಯುತ್ತಾರೆ, ಇಲ್ಲವೇ ಉಳಿಯುವುದೇ ಇಲ್ಲ. ಯಾರೂ ಕಾಲಿಡದ ತೀರದಲ್ಲಿ ಹಕ್ಕಿಯೊಂದೇ ನಿಂತಂತೆ ಕಾಣುತ್ತದೆ. ನಿಂತು ತೆಗೆದ ಚಿತ್ರ ಹಕ್ಕಿಯನ್ನು ಕುಳ್ಳಗಾಗಿಸಿ ಬೆನ್ನನ್ನೇ ದೊಡ್ಡದು ಮಾಡುತ್ತದೆ, ನಿಜ. ಆದರೆ ಅದರಲ್ಲಿ ಕೊಕ್ಕು ಚುಚ್ಚಿದ ತೂತುಗಳು, ಹೆಜ್ಜೆಯ ಸಾಲು, ಏಡಿಯ ಬಿಲ, ಪ್ಲಾಸ್ಟಿಕ್ ಚೂರು ಎಲ್ಲವೂ ಇರುತ್ತವೆ. ಹಕ್ಕಿ ಅಲ್ಲಿ ಏಕಿದೆ ಎಂಬುದನ್ನು ಹೇಳುವುದು ಆ ಅಂದಗೆಟ್ಟ ಚಿತ್ರವೇ. ಯಾವ ಸಾಫ್ಟ್‌ವೇರನ್ನೂ ತೆರೆಯುವ ಮುನ್ನ ಇಷ್ಟೆಲ್ಲ ಅಳಿಸಿಹೋಗಿರುತ್ತದೆ.

ಒಂದು ನಿಲುವಿನಿಂದ ಸತ್ಯದ ಒಂದಂಶವಷ್ಟೇ ಕಾಣುವ ಈ ಸಂಗತಿಯನ್ನು ಜೈನ ದರ್ಶನ ಬಹಳ ಹಿಂದೆಯೇ ಬೇರೆ ಸಂದರ್ಭದಲ್ಲಿ ಚರ್ಚಿಸಿದೆ. ವಸ್ತುವಿಗೆ ಅನಂತ ಧರ್ಮಗಳಿವೆ. ಒಂದು ನಿಲುವಿನಿಂದ ಒಂದು ಧರ್ಮವನ್ನು ಹಿಡಿಯುವುದು ನಯ. ನಯ ಸುಳ್ಳಲ್ಲ, ಅಂಶಸತ್ಯ. ಇದೊಂದೇ ಸರಿ, ಉಳಿದ ನಿಲುವುಗಳು ಇಲ್ಲವೇ ಇಲ್ಲ ಎಂದು ಹಟ ಹಿಡಿದಾಗ ಅದು ದುರ್ನಯ. ಹೀಗೆ ನೋಡಿದರೆ ನೆಲಮಟ್ಟದ ಚಿತ್ರದಲ್ಲಿ ಮೋಸವೇನೂ ಇಲ್ಲ. ಹಕ್ಕಿಯನ್ನು ಅದರ ಎತ್ತರದಲ್ಲಿ ನೋಡಿದರೆ ಹೀಗಿದೆ ಎಂದಷ್ಟೇ ಅದು ಹೇಳುತ್ತದೆ. ತೀರವೇ ಹೀಗಿದೆ ಎಂಬ ದನಿ ಸೇರಿಕೊಂಡಾಗ, ಪ್ರವಾಸದ ಜಾಹೀರಾತಿನಲ್ಲೋ ಕ್ಯಾಲೆಂಡರಿನಲ್ಲೋ ಹಾಗಾಗುವುದೇ ಹೆಚ್ಚು, ಅದು ಗಡಿ ದಾಟುತ್ತದೆ.

ನೆಲಮಟ್ಟದ ಚಿತ್ರ ಹಕ್ಕಿಯ ಕಣ್ಣಿನಿಂದ ಲೋಕವನ್ನು ತೋರಿಸುತ್ತದೆ ಎಂಬ ಹೊಗಳಿಕೆಯೂ ಅಷ್ಟೇ ದುರ್ಬಲ. ಪ್ಲೋವರ್‌ನ ಕಣ್ಣುಗಳು ತಲೆಯ ಎರಡು ಬದಿಗಿವೆ. ಅದರ ನೋಟದ ಹರವು ಮನುಷ್ಯನದಕ್ಕಿಂತ ಬಹಳ ಅಗಲ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವಾದರೆ ಹಕ್ಕಿಗಳಲ್ಲಿ ಸಾಮಾನ್ಯವಾಗಿ ನಾಲ್ಕು. ಚಿತ್ರದಲ್ಲಿರುವುದು ಹಕ್ಕಿಯ ನೋಟವಲ್ಲ, ಮಲಗಿದ ಮನುಷ್ಯನ ನೋಟ.

ಇನ್ನು ತಿದ್ದುಪಡಿ. ತಿದ್ದದ ಡಿಜಿಟಲ್ ಚಿತ್ರ ಎಂಬುದೊಂದು ಇದೆ ಎನ್ನುವವರು ಸೆನ್ಸರಿನ ಕೆಲಸವನ್ನು ಮರೆತಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಅದರಲ್ಲಿ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ: ಅರ್ಧದಷ್ಟು ಬಿಂದುಗಳು ಹಸಿರು, ಉಳಿದರ್ಧದಲ್ಲಿ ಕೆಂಪು ಮತ್ತು ನೀಲಿ ಸಮಪಾಲು. ಪ್ರತಿ ಬಿಂದುವಿಗೆ ಬೇಕಾದ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಅಂದರೆ ಚಿತ್ರದ ಬಣ್ಣದ ಮೌಲ್ಯಗಳಲ್ಲಿ ಮೂರನೆಯ ಎರಡು ಪಾಲು ಅಳೆದದ್ದಲ್ಲ, ಊಹಿಸಿದ್ದು. ರಾ ಫೈಲನ್ನು ತೆರೆದು ವೈಟ್ ಬ್ಯಾಲೆನ್ಸ್ ಸರಿಮಾಡುವುದು, ನಾಯ್ಸ್ ತೆಗೆಯುವುದು, ಕಣ್ಣಿನ ಸುತ್ತ ತುಸು ಹೊಳಪು ಏರಿಸುವುದು ಈ ಊಹೆಯ ಮುಂದುವರಿಕೆ. ಕಂದು ಕೆಸರಿನ ಮೇಲಿನ ಕಂದು ಹಕ್ಕಿಯ ಗರಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಇಷ್ಟಾದರೂ ಮಾಡಲೇಬೇಕಾಗುತ್ತದೆ.

ಹಾಗಾದರೆ ಗೆರೆ ಎಲ್ಲಿ? ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಘಟನೆಗಳಾದ ಫಿಯಾಪ್ ಮತ್ತು ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯೊಡನೆ ಸೇರಿ 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದು ಸಮಾನ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಕ್ಯಾಮೆರಾ ಸೇರಿಸಿದ ದೂಳಿನ ಚುಕ್ಕೆ, ನಾಯ್ಸ್‌ಗಳನ್ನು ತೆಗೆಯಬಹುದು, ಕ್ರಾಪ್ ಮಾಡಬಹುದು, ದೃಶ್ಯದಲ್ಲಿದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಸ್ಪರ್ಧೆಗೆ ಇದು ಸಾಕು, ತತ್ತ್ವಕ್ಕೆ ಸಾಲದು. ಹಕ್ಕಿಯ ಪಕ್ಕದ ಬಾಟಲಿಯನ್ನು ಅಳಿಸಿದರೆ ತಪ್ಪು, ಚೌಕಟ್ಟು ಕಿರಿದಾಗಿಸಿ ಅದನ್ನು ಹೊರಗಿಟ್ಟರೆ ಸರಿ, ಮೊಣಕೈ ಊರಿ ಅದನ್ನು ಮಸುಕಾಗಿಸಿದರೆ ಕಲೆ. ನೋಡುವವನ ಪಾಲಿಗೆ ಮೂರರಲ್ಲೂ ಬಾಟಲಿ ಇಲ್ಲವೆಂಬುದೇ ಫಲ. ಆದರೂ ಅಳಿಸುವುದರಲ್ಲಿ ಒಂದು ವ್ಯತ್ಯಾಸವಿದೆ: ಅಳಿಸಿದ ಜಾಗಕ್ಕೆ ಇಲ್ಲದ ಕೆಸರನ್ನು ತುಂಬಬೇಕಾಗುತ್ತದೆ. ಕೆಲವು ಅಳಿಕೆಗಳಂತೂ ಹಕ್ಕಿಯ ಚರಿತ್ರೆಗೇ ಕೈ ಹಾಕುತ್ತವೆ. ವಲಸೆಯ ಅಧ್ಯಯನಕ್ಕಾಗಿ ಕಾಲಿಗೆ ಕಟ್ಟಿದ ಬಣ್ಣದ ಪಟ್ಟಿಯನ್ನು ಕಲೆಯೆಂದು ಒರೆಸಿದರೆ, ಆ ಹಕ್ಕಿಗೆ ಎಲ್ಲಿ ಪಟ್ಟಿ ಕಟ್ಟಲಾಗಿತ್ತು ಎಂಬ ಮಾಹಿತಿಯೂ ಚಿತ್ರದಿಂದ ಹೋಗುತ್ತದೆ.

ತಿದ್ದದೆಯೂ ಸುಳ್ಳು ಹೇಳಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಬೇಲಿ ಹಾರುವ ತೋಳದ ಚಿತ್ರಕ್ಕೆ ಸಂದಿತ್ತು. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಪುಗಾರರು ನಿರ್ಧರಿಸಿ 2010ರಲ್ಲಿ ಬಹುಮಾನವನ್ನು ಹಿಂತೆಗೆದುಕೊಂಡರು. ಛಾಯಾಗ್ರಾಹಕ ಅದನ್ನು ಅಲ್ಲಗಳೆದರು. ಅಲ್ಲಿ ಚರ್ಚೆಯಾದದ್ದು ಪಿಕ್ಸೆಲ್ಲುಗಳಲ್ಲ, ಚಿತ್ರ ಹುಟ್ಟಿದ ಬಗೆ.

ತೀರದ ಹಕ್ಕಿಗಳ ಮಟ್ಟಿಗೆ ಚಿತ್ರ ಹುಟ್ಟುವ ಬಗೆಯೇ ಮುಖ್ಯ ಪ್ರಶ್ನೆ. ಜೈನ ಗ್ರಂಥವಾದ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಮುಂದಿಡುತ್ತದೆ. ಅದರ ಬೆನ್ನಿಗೇ ಅಸತ್ಯದ ವಿವರಣೆ ಬರುತ್ತದೆ. ಕರ್ನಾಟಕದ ಜೈನ ಪರಂಪರೆ ತನ್ನವರೆಂದು ಗೌರವಿಸುವ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಇವೆರಡನ್ನೂ ಜೋಡಿಸುತ್ತಾರೆ: ಪ್ರಾಣಿಗೆ ನೋವು ತರುವ ಮಾತು, ಇರುವ ವಿಷಯದ ಬಗೆಗಿದ್ದರೂ ಇಲ್ಲದ ವಿಷಯದ ಬಗೆಗಿದ್ದರೂ, ಅಸತ್ಯವೇ. ಮಾತಿನ ಬಗ್ಗೆ ಹೇಳಿದ್ದನ್ನು ಚಿತ್ರಕ್ಕೆ ಹಚ್ಚುವುದು ಹಿಗ್ಗಿಸಿದಂತಾದೀತು, ಆದರೆ ಅಳತೆ ಚೆನ್ನಾಗಿ ಹೊಂದುತ್ತದೆ.

ಏಕೆಂದರೆ ಈ ಹಕ್ಕಿಗಳ ಬದುಕು ಶಕ್ತಿಯ ಆಯವ್ಯಯದ ಮೇಲೆ ನಿಂತಿದೆ. 2022ರಲ್ಲಿ ಒಂದು ಬಾರ್‌ಟೇಲ್ಡ್ ಗಾಡ್ವಿಟ್ ಅಲಾಸ್ಕಾದಿಂದ ಟ್ಯಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ದೂರವನ್ನು ನೆಲಕ್ಕಿಳಿಯದೆ 11 ದಿನಗಳಲ್ಲಿ ಹಾರಿತು. ಅಂಥ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಕೂಡಿಸುವುದು ದಿನದಿನದ ಇಳಿತದ ಕೆಲವೇ ಗಂಟೆಗಳಲ್ಲಿ. ಉಬ್ಬರದಲ್ಲಿ ಕೆಸರು ಮುಳುಗಿದಾಗ ಹಕ್ಕಿಗಳು ಎತ್ತರದ ಜಾಗದಲ್ಲಿ ಗುಂಪಾಗಿ ನಿಂತು ವಿಶ್ರಮಿಸುತ್ತವೆ. ಆಗ ಅವುಗಳನ್ನು ಎಬ್ಬಿಸಿ ಹಾರಿಸಿದರೆ ಸಿಗುವ ಚಿತ್ರ ಅದ್ಭುತ. ಹಕ್ಕಿ ನಿಜ, ಬೆಳಕು ನಿಜ, ತಿದ್ದುಪಡಿಯೂ ನಿಯಮದೊಳಗೆ. ಪೂಜ್ಯಪಾದರ ಅಳತೆಯಲ್ಲಿ ಮಾತ್ರ ಅದು ಅಸತ್ಯದ ಪಾಲಿಗೆ ಬೀಳುತ್ತದೆ. ಅಂಥ ಚಿತ್ರದಿಂದ ಮುಂದೆ ತೀರದ ರಕ್ಷಣೆಗೆ ಅನುಕೂಲವಾಗಬಹುದಲ್ಲ ಎಂಬ ವಾದವುಂಟು. ಪ್ರಮಾದವನ್ನು ತೂಗುವುದು ಮುಂದೆ ಬರುವ ಫಲದಿಂದಲ್ಲ, ಆ ಹೊತ್ತಿನ ಎಚ್ಚರದಿಂದ. ಹಾಗಾಗಿ ಈ ವಾದಕ್ಕೆ ಅಲ್ಲಿ ಜಾಗ ಕಡಿಮೆ.

ಮಲಗುವುದು ತಾನಾಗಿ ಅಹಿಂಸೆಯಲ್ಲ ಎಂಬುದನ್ನೂ ಇಲ್ಲೇ ಗಮನಿಸಬೇಕು. ಕೆಲವು ಪ್ಲೋವರ್‌ಗಳು ಬರಿನೆಲದ ತಗ್ಗಿನಲ್ಲೇ ಮೊಟ್ಟೆಯಿಡುತ್ತವೆ. ತೆವಳುವ ದೇಹಕ್ಕೆ ಅವು ಕಾಣದಿರಬಹುದು. ಜೈನ ಮುನಿಗಳು ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ತೆವಳುವವರಿಗೂ ಒಪ್ಪುವ ನಿಯಮ. ಬಲ್ಲವರು ಹಕ್ಕಿಯತ್ತ ಹೋಗುವುದನ್ನೇ ಕಡಿಮೆ ಮಾಡಿ, ನೀರು ಏರುವ ಮುನ್ನ ಒಂದು ಕಡೆ ಮಲಗಿ ಕಾಯುತ್ತಾರೆ. ಉಬ್ಬರ ಕೆಸರನ್ನು ಕಿರಿದಾಗಿಸಿದಂತೆ ಹಕ್ಕಿಗಳೇ ಮೇಯುತ್ತ ಹತ್ತಿರ ಬರುತ್ತವೆ. ಕತ್ತು ನಿಗುಚಿ ಮೇವು ನಿಲ್ಲಿಸಿದರೆ ಅಂತರ ಸಾಲದೆಂದು ತಿಳಿಯಬೇಕು.