ಮೊದಲು ಕಂಡವನೋ, ಮೊದಲು ಅಚ್ಚು ಹಾಕಿಸಿದವನೋ?

ಒಂದೊಂದು ಗಿಡಕ್ಕೂ ವಿಜ್ಞಾನಿಗಳು ಲ್ಯಾಟಿನ್ ಹೆಸರು ಇಟ್ಟಿದ್ದಾರೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತುಂಟು. ಆದರೆ ಗಿಡಗಳ ಕೂಟಕ್ಕೂ ಹೆಸರಿಡುವ ಪದ್ಧತಿಯೊಂದು ಉಂಟು. ಅದರ ಸುದ್ದಿ ನಮ್ಮ ಕಡೆ ಅಷ್ಟಾಗಿ ಬಂದಿಲ್ಲ.

ಗದ್ದೆಯ ಹುಣಿಯಲ್ಲಿ ಹುಟ್ಟುವ ಗಿಡಗಳು ಬೇರೆ, ತೋಡಿನ ಬದಿಯವು ಬೇರೆ, ಪದವಿನ ಮೇಲಿನವು ಬೇರೆ. ನೆಲವೂ ನೀರೂ ಒಂದೇ ತರ ಇದ್ದಲ್ಲಿ ಅವೇ ಗಿಡಗಳು ಒಟ್ಟಾಗಿ ಮತ್ತೆ ಮತ್ತೆ ಕಾಣಸಿಗುತ್ತವೆ. ಇಂಥ ಕೂಟವನ್ನು ಯುರೋಪಿನ ಸಸ್ಯವಿಜ್ಞಾನಿಗಳು ‘ಅಸೋಸಿಯೇಶನ್’ ಅಂತ ಕರೆದರು. 1910ರಲ್ಲಿ ಬ್ರಸೆಲ್ಸಿನಲ್ಲಿ ನಡೆದ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಅದಕ್ಕೊಂದು ವ್ಯಾಖ್ಯೆ ಸಿಕ್ಕಿತು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ನೆಲೆಸಿದ ಬ್ರೌನ್-ಬ್ಲಾಂಕೆ ಎಂಬವರು ಇದನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಕೂಟದ ಮುಖ್ಯ ಗಿಡದ ಹೆಸರಿಗೆ ‘ಏಟಮ್’ ಎಂಬ ಪ್ರತ್ಯಯ ಸೇರಿಸಿದರೆ ಕೂಟದ ಹೆಸರಾಯಿತು. ಅರ್ಹೆನಾಥೆರಮ್ ಎಂಬುದು ಅಲ್ಲಿನ ಒಂದು ಹುಲ್ಲು. ಅದು ಮುಖ್ಯವಾಗಿರುವ ಹುಲ್ಲುಗಾವಲು ಅರ್ಹೆನಾಥೆರೇಟಮ್. ದಾಸರ ಪದದ ಕೊನೆಗೆ ಅಂಕಿತ ಬಂದ ಹಾಗೆ, ಈ ಹೆಸರಿನ ಕೊನೆಗೆ ಅದನ್ನು ಪ್ರಕಟಿಸಿದವರ ಹೆಸರೂ ಇಸವಿಯೂ ಬರುತ್ತದೆ: ‘ಬ್ರೌನ್ 1915’. ಹೆಂಡತಿಯ ಮನೆತನದ ‘ಬ್ಲಾಂಕೆ’ ಅವರ ಹೆಸರಿಗೆ ಸೇರಿದ್ದು ಮದುವೆಯ ಮೇಲೆ. ಹಾಗಾಗಿ ಇಲ್ಲಿ ಬರೀ ಬ್ರೌನ್.

ಒಂದೇ ಕೂಟಕ್ಕೆ ಇಬ್ಬರು ಬೇರೆ ಬೇರೆ ಹೆಸರಿಟ್ಟರೆ ಎಂತ ಮಾಡುವುದು? ಇದಕ್ಕೊಂದು ನಿಯಮಾವಳಿ ಉಂಟು. ಮೊದಲ ಆವೃತ್ತಿ 1976ರಲ್ಲಿ ಬಂತು. ಆಮೇಲೆ ತಿದ್ದಿ ತಿದ್ದಿ ಈಗ ನಾಲ್ಕನೆಯದು ನಡೆಯುತ್ತಿದೆ. ಅದರ ಮೂಲಸೂತ್ರ ಸಣ್ಣದು: ನಿಯಮದಂತೆ ಮೊದಲು ಪ್ರಕಟವಾದ ಹೆಸರೇ ಹೆಸರು. ತುಂಬಾ ಗೊಂದಲ ಹುಟ್ಟಿಸುವ ಹಳೆಯ ಹೆಸರನ್ನು ಕೈಬಿಡಲಿಕ್ಕೆ ದಾರಿ ಉಂಟು, ಆದರೆ ಅದು ಅಪವಾದ.

‘ಪ್ರಕಟ’ ಅಂದರೆ ಏನು ಎಂಬುದನ್ನು ನಿಯಮ ಬಿಗಿಯಾಗಿ ಹೇಳುತ್ತದೆ. ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಸಾಲದು. ಕೈಬರಹದ ಪ್ರತಿಯನ್ನು ನಾಲ್ಕು ಸ್ನೇಹಿತರಿಗೆ ತೋರಿಸಿದರೂ ಸಾಲದು. ಬಹುಕಾಲ ನಡೆದು ಬಂದ ನಿಯಮದಂತೆ ಅಚ್ಚಾಗಬೇಕಿತ್ತು, ಮಾರಾಟವೋ ವಿನಿಮಯವೋ ದಾನವೋ, ಯಾವುದಾದರೊಂದು ರೀತಿಯಲ್ಲಿ ಬೇರೆಯವರ ಕೈಗೆ, ಕಡೇಪಕ್ಷ ಗ್ರಂಥಾಲಯಗಳಿಗೆ, ಮುಟ್ಟಬೇಕಿತ್ತು. ಬರೀ ಹೆಸರು ಇದ್ದರೂ ಆಗುವುದಿಲ್ಲ. ಒಂದು ಗಿಡವಾದರೆ ಕಿತ್ತು, ಒಣಗಿಸಿ, ಕಾಗದಕ್ಕೆ ಅಂಟಿಸಿ ಇಡಬಹುದು. ಕೂಟವನ್ನು ಕೀಳುವುದು ಹೇಗೆ? ಅದಕ್ಕೆ ಒಂದು ತುಂಡು ಜಾಗವನ್ನು ಗುರುತಿಸಿ, ಅದರಲ್ಲಿರುವ ಅಷ್ಟೂ ಗಿಡಗಳನ್ನು ಪಟ್ಟಿ ಮಾಡಿ, ಯಾವುದು ಎಷ್ಟು ನೆಲ ಮುಚ್ಚಿದೆ ಎಂದು ಅಂಕೆ ಕೊಡುತ್ತಾರೆ. ನೆಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಮುಚ್ಚಿದ್ದಕ್ಕೆ 5, ಅರ್ಧದಿಂದ ಮುಕ್ಕಾಲಿನವರೆಗೆ 4, ಹೀಗೆ. 1979ರಿಂದ ಈಚೆಗೆ ಹೊಸ ಹೆಸರಿಡುವವರು ಇಂಥ ಪಟ್ಟಿಗಳಲ್ಲಿ ಒಂದನ್ನು ‘ಇದೇ ನನ್ನ ಮಾದರಿ’ ಎಂದು ತೋರಿಸಲೇಬೇಕು. ಪಟ್ಟಿ ಪ್ರಕಟವಾಗದಿದ್ದರೆ ಹೆಸರಿಗೆ ಕಾಲೂರಲು ನೆಲವೇ ಇಲ್ಲ.

ಇನ್ನು ಇಸವಿಯ ವಿಷಯ. ಪತ್ರಿಕೆಯ ಮುಖಪುಟದಲ್ಲಿ ಒಂದು ವರ್ಷ ಇರುತ್ತದೆ, ಅದು ಕೈಗೆ ಬರುವಾಗ ಮುಂದಿನ ವರ್ಷ ಆಗಿರುತ್ತದೆ. ಇದು ಲೋಕದಲ್ಲೆಲ್ಲ ನಡೆಯುವಂಥದ್ದೇ. ಬೇರೆ ಪುರಾವೆ ಇಲ್ಲದಿದ್ದರೆ ಅಚ್ಚಾದ ತಾರೀಕನ್ನು ನಂಬುತ್ತಾರೆ. ಪುರಾವೆ ಸಿಕ್ಕಿದರೆ ನಿಜವಾಗಿ ಹಂಚಿದ ದಿನವೇ ಲೆಕ್ಕ. ಆ ಪುರಾವೆ ಅನೇಕ ಸಲ ಸಿಗುವುದು ಎಲ್ಲಿ ಗೊತ್ತುಂಟಾ? ಯಾವುದೋ ಗ್ರಂಥಾಲಯದಲ್ಲಿ ಪುಸ್ತಕ ಬಂದ ದಿನ ಒತ್ತಿದ ಮೊಹರಿನಲ್ಲಿ. ಮೊಹರು ಒತ್ತಿದವರು ಇಬ್ಬರು ಪಂಡಿತರ ವ್ಯಾಜ್ಯಕ್ಕೆ ತಾನು ಸಾಕ್ಷಿ ಆಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಈಗ ನನ್ನ ಪ್ರಶ್ನೆ: ಈ ನಿಯಮ ನ್ಯಾಯವೇ?

ಒಬ್ಬ ಇಪ್ಪತ್ತು ವರ್ಷ ಗುಡ್ಡ ಹತ್ತಿ ಇಳಿದು ಪಟ್ಟಿ ಮಾಡಿದ ಅಂತ ಇಟ್ಟುಕೊಳ್ಳಿ. ಇನ್ನೂ ಒಂದು ಮಳೆಗಾಲ ನೋಡಿ ಬರೆಯುವ ಅಂತ ಕಪಾಟಿನಲ್ಲಿ ಇಟ್ಟ. ಇನ್ನೊಬ್ಬ ಒಂದೇ ವರ್ಷ ಸುತ್ತಾಡಿ ಅಚ್ಚು ಹಾಕಿಸಿದ. ಹೆಸರು ಎರಡನೆಯವನದ್ದೇ. ಕೇಳಿದ ಕೂಡಲೇ ಯಾರಿಗೂ ‘ಇದೆಂಥ ಅನ್ಯಾಯ ಮಾರಾಯ್ರೆ’ ಅನ್ನಿಸುತ್ತದೆ.

ಹಾಗಾದರೆ ಮೊದಲು ಕಂಡವನಿಗೇ ಹೆಸರಿನ ಹಕ್ಕು ಕೊಡುವ ಅಂದುಕೊಳ್ಳಿ. ಕಂಡದ್ದಕ್ಕೆ ಸಾಕ್ಷಿ ಯಾರು? ‘ನಾನು ಹತ್ತು ವರ್ಷ ಮೊದಲೇ ಕಂಡಿದ್ದೆ’ ಅಂತ ಯಾರು ಬೇಕಾದರೂ ಹೇಳಬಹುದು. ಹೇಳಿದ್ದು ನಿಜವೇ ಆಗಿದ್ದರೂ ಪರೀಕ್ಷಿಸಲಿಕ್ಕೆ ಆಗುವುದಿಲ್ಲ. ಅವರಿಬ್ಬರಿಗಿಂತ ಮೊದಲು ಅಲ್ಲಿ ದನ ಮೇಯಿಸಿದವನು ಆ ಹುಲ್ಲುಗಾವಲನ್ನು ದಿನಾ ಕಂಡಿಲ್ಲವೇ? ಅಚ್ಚಾದ ಹಾಳೆಯನ್ನಾದರೆ ಎದುರುಕಕ್ಷಿಯವನೂ ಬಿಡಿಸಿ ನೋಡಬಹುದು. ಈ ನಿಯಮ ಯಾರು ಹೆಚ್ಚು ದುಡಿದರು ಅಂತ ತೂಗಿ ಕೊಡುವ ಬಹುಮಾನ ಅಲ್ಲ. ಹೆಸರಿನ ಮೇಲಿನ ಜಗಳ ಒಂದು ಕಡೆ ನಿಲ್ಲಲಿ, ಎಲ್ಲರೂ ಒಂದನ್ನೇ ಒಂದು ಹೆಸರಿನಿಂದ ಕರೆಯಲಿ ಅಂತ ಮಾಡಿಕೊಂಡ ಒಡಂಬಡಿಕೆ.

ಅದರಲ್ಲಿ ಎರಡು ಒಳ್ಳೆಯ ಗುಣಗಳು ನನಗೆ ಕಾಣುತ್ತವೆ. ಒಂದು, ತಿಳಿದದ್ದನ್ನು ಕಪಾಟಿನಲ್ಲಿ ಇಟ್ಟವನಿಗೆ ಹಕ್ಕಿಲ್ಲ, ಹಂಚಿದವನಿಗೆ ಮಾತ್ರ. ಇದು ಕಠಿಣವೇ. ಆದರೆ ಇಪ್ಪತ್ತು ವರ್ಷದ ಆ ಪಟ್ಟಿಗಳಿಂದ ಅಲ್ಲಿಯತನಕ ಬೇರೆ ಯಾರಿಗೆ ಏನು ಪ್ರಯೋಜನ ಆಯಿತು? ಇನ್ನೊಂದು, ಈ ನಿಯಮ ದೊಡ್ಡವರು ಸಣ್ಣವರು ಅಂತ ನೋಡುವುದಿಲ್ಲ. ಹಳ್ಳಿಮೂಲೆಯ ಒಂದು ಸಣ್ಣ ಸಂಘದ ವಾರ್ಷಿಕ ಸಂಚಿಕೆಯಲ್ಲಿ ನಿಯಮದಂತೆ ಮೊದಲು ಬಂದ ಹೆಸರು, ಆಮೇಲೆ ರಾಜಧಾನಿಯಿಂದ ಬಂದ ದಪ್ಪ ಗ್ರಂಥದ ಹೆಸರನ್ನು ಹಿಂದಕ್ಕೆ ಹಾಕುತ್ತದೆ. ಗಡಿಯಾಚೆ ಸಣ್ಣ ಗುಂಪಾಗಿ ಕನ್ನಡ ಓದುವ ನಮ್ಮಂಥವರಿಗೆ ಇದರ ಬೆಲೆ ಬೇಗ ಅರ್ಥ ಆಗುತ್ತದೆ.

ಆದರೂ ಒಂದು ಮುಳ್ಳು ಉಳಿಯುತ್ತದೆ. ಅಚ್ಚುಕೂಟವೇ ಇಲ್ಲದವರ ತಿಳುವಳಿಕೆ ಎಲ್ಲಿ ಹೋಗಬೇಕು?

ಇದಕ್ಕೆ ನಮ್ಮ ಕೇರಳದ್ದೇ ಉದಾಹರಣೆ ಉಂಟು, ಅದು ಕೂಟದ್ದಲ್ಲ, ಗಿಡಗಳದ್ದು. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರೊಳಗಿನ ತಿಳುವಳಿಕೆಯ ದೊಡ್ಡ ಪಾಲು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರದ್ದು; ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರದ್ದು. ಆದರೆ ಗಿಡಗಳ ಹೆಸರಿಗೆ ಮೊದಲಿಗತನದ ಲೆಕ್ಕ ಶುರುವಾಗುವುದು 1753ರಿಂದ, ಲಿನೇಯಸ್‌ನ ಪುಸ್ತಕದಿಂದ. ಅದಕ್ಕಿಂತ ಹಿಂದಿನ ಹೆಸರುಗಳಿಗೆ ಹಕ್ಕಿಲ್ಲ. ನಮ್ಮ ಏಲಕ್ಕಿಯ ಕುಲದ ಹೆಸರು ‘ಎಲೆಟ್ಟಾರಿಯಾ’. ಅದು ಬಂದದ್ದು ಆ ಗ್ರಂಥದಲ್ಲಿರುವ ಮಲಯಾಳ ಮಾತಿನಿಂದ. ಅಂಕಿತ ಮಾತ್ರ 1811ರ ಮೇಟನ್ ಎಂಬ ಇಂಗ್ಲಿಷರದ್ದು.

ಇಲ್ಲಿ ನಿಯಮವನ್ನು ಬೈದರೆ ಪ್ರಯೋಜನ ಇಲ್ಲ. ‘ಈ ಹೆಸರು ಯಾವಾಗಿನಿಂದ ನಡೆಯುತ್ತಿದೆ’ ಅಂತ ಕೇಳಿದರೆ ಅದು ಉತ್ತರ ಹೇಳುತ್ತದೆ. ‘ಇದನ್ನು ತಿಳಿದವರು ಯಾರು, ಯಾರಿಂದ ಕಲಿತಿರಿ’ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ. ಆ ಪ್ರಶ್ನೆಗೆ ಬರೆಯುವವನೇ ಉತ್ತರ ಕೊಡಬೇಕು, ಅದು ಅವನ ಮೇಲಿನ ಋಣ. ವಾನ್ ರೀಡ್ ಇದರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ. ಆ ನಾಲ್ವರ ಹೇಳಿಕೆಗಳನ್ನು ಅವರವರ ಲಿಪಿಯಲ್ಲೇ, ಅವರವರ ಹೆಸರಿನಲ್ಲೇ ಮೊದಲ ಸಂಪುಟದಲ್ಲಿ ಅಚ್ಚು ಹಾಕಿಸಿದ. ಇಟ್ಟಿ ಅಚ್ಯುತನ್ ಎಂಬ ಹೆಸರು ಮುನ್ನೂರು ವರ್ಷ ದಾಟಿ ನಮ್ಮವರೆಗೆ ಬಂದದ್ದು ಆ ಒಂದು ಪುಟದ ಬಲದಿಂದ.

ನಮ್ಮ ಕಾಸರಗೋಡಿನ ಹಿರಿಯರು ನೆಲವನ್ನು ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸಿದರು. ಗುಡ್ಡದ ಮೇಲೆ ಪದವು, ಪಾರೆ ಎಂದರು. ಒಂದೊಂದು ಮಾತಿನ ಹಿಂದೆಯೂ ನೀರು ಎಷ್ಟು ದಿನ ನಿಲ್ಲುತ್ತದೆ, ಎಂತ ಬೆಳೆಯುತ್ತದೆ ಎಂಬ ಲೆಕ್ಕ ಉಂಟು. ಇವಕ್ಕೆ ಅಂಕಿತ ಇಲ್ಲ, ಇಸವಿಯೂ ಇಲ್ಲ. ಮಳೆಗಾಲದಲ್ಲಿ ಮುರಕಲ್ಲಿನ ಪದವಿನಲ್ಲಿ ನೀರು ನಿಂತಾಗ ಹುಳ ಹಿಡಿಯುವ ಪುಟ್ಟ ನೀಲಿ ಹೂವಿನ ಗಿಡ, ಬಿಳಿ ಗುಂಡಿಯಂಥ ತಲೆಯ ಗಿಡ, ಸಣ್ಣ ಸಣ್ಣ ಹುಲ್ಲುಗಳು ಒಟ್ಟಿಗೇ ಬರುತ್ತವೆ. ನೀರು ಆರಿದ ಮೇಲೆ ಒಟ್ಟಿಗೇ ಹೋಗುತ್ತವೆ. ಅದೂ ಒಂದು ಕೂಟವೇ. ಕಲ್ಲಿನ ಕೋರೆ ಬಿದ್ದ ಪದವಿನಲ್ಲಿ ಮರುವರ್ಷ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಹಾಗಾಗಿ ಅಧ್ಯಾಪಕರಲ್ಲಿ ನನ್ನದೊಂದು ಕೇಳಿಕೆ. ಮಕ್ಕಳನ್ನು ಆಟಿ ತಿಂಗಳಲ್ಲಿ ಮಳೆ ಬಿಟ್ಟ ಒಂದು ದಿನ ಪದವಿಗೆ ಕರೆದುಕೊಂಡು ಹೋಗಿ. ನಾಲ್ಕು ಕೋಲು ಊರಿ ಒಂದು ಚೌಕ ಮಾಡಿ, ಅದರೊಳಗಿನ ಗಿಡಗಳನ್ನು ಪಟ್ಟಿ ಮಾಡಿಸಿ. ಲ್ಯಾಟಿನ್ ಹೆಸರು ಗೊತ್ತಾಗದಿದ್ದರೆ ತುಳುವೋ ಮಲಯಾಳವೋ ಕನ್ನಡವೋ, ಊರಲ್ಲಿ ಹೇಳುವ ಹೆಸರೇ ಬರೆಯಲಿ. ಜಾಗ ಬರೆಯಲಿ, ತಾರೀಕು ಬರೆಯಲಿ, ಹೆಸರು ಹೇಳಿಕೊಟ್ಟ ಅಜ್ಜಿಯ ಹೆಸರನ್ನೂ ಬರೆಯಲಿ. ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದನ್ನು ಈ ವಾಚನಾಲಯಕ್ಕೆ ಕೊಡಿ. ಶಾಸ್ತ್ರದ ಲೆಕ್ಕದಲ್ಲಿ ಇದು ಪ್ರಕಟಣೆ ಆಗಲಿಕ್ಕಿಲ್ಲ, ಯಾವ ಹೆಸರಿನ ಮೇಲೂ ಹಕ್ಕು ಸಿಗಲಿಕ್ಕಿಲ್ಲ. ಮುಂದೆ ಯಾರಾದರೂ ಅಚ್ಚು ಹಾಕಿಸಲು ಕೂತರೆ, ಯಾರಿಂದ ಕಲಿತದ್ದು ಅಂತ ಬರೆಯಲಿಕ್ಕೆ ಅವರಿಗೆ ಆಧಾರ ಇರುತ್ತದೆ. ವಾಚನಾಲಯದವರು ಪಟ್ಟಿ ಬಂದ ದಿನವೇ ಅದಕ್ಕೆ ಮೊಹರು ಒತ್ತಿ, ತಾರೀಕು ಹಾಕಿ ಇಡಬೇಕು.